ಬೇಗ ಹೆರಬೇಕೋ, ಮೊದಲು ಬೆಳೆಯಬೇಕೋ

(ಸಿಹಿನೀರಿನ ಸಣ್ಣ ಪ್ರಾಣಿಗಳು ಮತ್ತು ಅವುಗಳನ್ನು ತಿನ್ನುವವರ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಬಸವನಹುಳುವಿನಿಂದ ಮಾತು ಶುರುಮಾಡುತ್ತೇನೆ.

ಅಮೆರಿಕದ ಓಕ್ಲಹೋಮದ ತೊರೆಗಳಲ್ಲಿ ಫೈಸೆಲ್ಲಾ ಎಂಬ ಪುಟ್ಟ ಬಸವನಹುಳುವಿದೆ. ಅದನ್ನು ತಿನ್ನುವುದು ಕ್ರೇಫಿಶ್. ಸೀಗಡಿಯ ಬಳಗದ, ಗಟ್ಟಿ ಇಕ್ಕಳಗಳಿರುವ ಸಿಹಿನೀರಿನ ಪ್ರಾಣಿ. ಟಾಡ್ ಕ್ರೌಲ್ ಮತ್ತು ಆಲನ್ ಕೋವಿಚ್ ಎಂಬ ವಿಜ್ಞಾನಿಗಳು ಈ ಹುಳುಗಳನ್ನು ಎರಡು ಬಗೆಯ ನೀರಿನಲ್ಲಿ ಸಾಕಿದರು. ಒಂದು ಮಾಮೂಲಿ ನೀರು. ಇನ್ನೊಂದು, ಕ್ರೇಫಿಶ್ ಇದೇ ಜಾತಿಯ ಹುಳುಗಳನ್ನು ತಿನ್ನುತ್ತಿದ್ದ ತೊಟ್ಟಿಯಿಂದ ಬಂದ ನೀರು. ಶತ್ರು ಇವುಗಳ ಮೈ ಮುಟ್ಟಲಿಲ್ಲ. ಬಂದದ್ದು ಅದರ ವಾಸನೆ ಮಾತ್ರ. 1990ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲಿತಾಂಶ ಹೀಗಿತ್ತು: ಮಾಮೂಲಿ ನೀರಿನ ಹುಳುಗಳು ಸುಮಾರು ಮೂರೂವರೆ ತಿಂಗಳಿಗೆ, 4 ಮಿಲಿಮೀಟರ್ ಆಗುತ್ತಲೇ ಮೊಟ್ಟೆಯಿಡಲು ತೊಡಗಿದವು. ಅವುಗಳ ಆಯಸ್ಸು 3ರಿಂದ 5 ತಿಂಗಳು. ವಾಸನೆಯ ನೀರಿನಲ್ಲಿ ಬೆಳೆದವು ಎಂಟು ತಿಂಗಳ ತನಕ ಮೊಟ್ಟೆಯ ಗೊಡವೆಗೆ ಹೆಚ್ಚು ಹೋಗದೆ ಬೆಳೆಯುತ್ತಲೇ ಇದ್ದವು, ಸುಮಾರು 10 ಮಿಲಿಮೀಟರ್ ಮುಟ್ಟಿದ ಮೇಲೆ ಮೊಟ್ಟೆಯಿಟ್ಟವು, 11ರಿಂದ 14 ತಿಂಗಳು ಬದುಕಿದವು.

ಇದನ್ನು ಮೊದಲು ಓದಿದಾಗ ನನಗೆ ನಂಬಲು ಕಷ್ಟವಾಯಿತು. ನೀರಿನಲ್ಲಿ ಕರಗಿದ ಒಂದು ವಾಸನೆ ಒಂದು ಜೀವಿಯ ಬಾಲ್ಯವನ್ನು ಎರಡು ಪಟ್ಟಿಗೂ ಹೆಚ್ಚು ಎಳೆಯುತ್ತದೆ, ಆಯಸ್ಸನ್ನು ಮೂರು ಪಟ್ಟಿನ ಹತ್ತಿರ ಒಯ್ಯುತ್ತದೆ. ಆದರೆ ಕ್ರೇಫಿಶ್ ಹೇಗೆ ತಿನ್ನುತ್ತದೆ ಎಂದು ನೋಡಿದರೆ ಲೆಕ್ಕ ತಿಳಿಯಾಗುತ್ತದೆ. ಸಣ್ಣ ಹುಳುವಿನ ಚಿಪ್ಪು ಅದಕ್ಕೆ ಸುಲಭ, ದೊಡ್ಡದರ ಚಿಪ್ಪು ಕಷ್ಟ. ಹಾಗಾಗಿ ಅಪಾಯ ಇರುವುದು ಬಾಲ್ಯದಲ್ಲಿ. ಆ ಗಾತ್ರವನ್ನು ದಾಟಿಕೊಂಡರೆ ಮುಂದೆ ನಿಧಾನವಾಗಿ ಸಂತಾನ ಪಡೆಯಲು ಕಾಲಾವಕಾಶವಿದೆ.

ಪ್ರತಿ ಪ್ರಾಣಿಯೂ ತಿಂದ ಆಹಾರದಿಂದ ಪಡೆದ ಶಕ್ತಿಯನ್ನು ಮೈ ಬೆಳೆಸಲು ಹಾಕಬಹುದು, ಇಲ್ಲವೇ ಮೊಟ್ಟೆಗೆ ಹಾಕಬಹುದು. ಒಂದು ಕಡೆ ಖರ್ಚಾದದ್ದು ಇನ್ನೊಂದು ಕಡೆಗೆ ಸಿಗುವುದಿಲ್ಲ. ಯಾವ ವಯಸ್ಸಿಗೆ ಪ್ರಾಯಕ್ಕೆ ಬರುವುದು, ಎಷ್ಟು ಮರಿ, ಎಷ್ಟು ದೊಡ್ಡ ಮರಿ, ಎಷ್ಟು ಸಲ, ಎಷ್ಟು ಕಾಲ ಬದುಕುವುದು ಎಂಬ ಇವಿಷ್ಟನ್ನೂ ಸೇರಿಸಿ ಜೀವಶಾಸ್ತ್ರಜ್ಞರು ಒಂದು ಜೀವಿಯ ಜೀವನಕ್ರಮ ಎನ್ನುತ್ತಾರೆ. ಈ ಕ್ರಮವನ್ನು ತಿದ್ದುವ ಶಕ್ತಿಗಳಲ್ಲಿ ತಿನ್ನುವವರ ಪಾಲು ಬಹಳ ದೊಡ್ಡದು. ಅವರು ಎಷ್ಟು ಮಂದಿಯನ್ನು ತಿನ್ನುತ್ತಾರೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯಾವ ವಯಸ್ಸಿನವರನ್ನು ತಿನ್ನುತ್ತಾರೆ ಎಂಬುದು ಮುಖ್ಯ. ನಾನು ಇವತ್ತು ಹೇಳಲು ಬಂದಿರುವುದು ಈ ಒಂದು ಮಾತನ್ನೇ. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ನೀರುಚಿಗಟ. ಅದರ ಬಗ್ಗೆ ಸ್ವಲ್ಪ ಬಿಡುವಾಗಿಯೇ ಮಾತಾಡುತ್ತೇನೆ.

ಮಳೆ ನಿಂತ ಮೇಲೆ ಉಳಿದ ಹೊಂಡದ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದವರು ಇದನ್ನು ನೋಡಿರುತ್ತೀರಿ. ಚುಕ್ಕೆಯಷ್ಟು ದೊಡ್ಡ ಜೀವಿ, ಕುಪ್ಪಳಿಸಿ ಕುಪ್ಪಳಿಸಿ ಈಜುತ್ತದೆ. ವಿಜ್ಞಾನದ ಹೆಸರು ಡಾಫ್ನಿಯಾ. ಹೆಸರಿಗೆ ಚಿಗಟವಾದರೂ ಕೀಟವಲ್ಲ; ಏಡಿ, ಸೀಗಡಿಗಳ ಕಡೆಯ ನೆಂಟ. ಇದರಲ್ಲಿ ತುಂಬ ದೊಡ್ಡ ಜಾತಿಯೂ ಸಾಮಾನ್ಯವಾಗಿ 5–6 ಮಿಲಿಮೀಟರ್ ಮೀರುವುದಿಲ್ಲ. ಮೈ ಪಾರದರ್ಶಕ. ಸಾಧಾರಣ ಭೂತಗನ್ನಡಿಯಲ್ಲಿ ನೋಡಿದರೂ ಒಂದೇ ಒಂದು ಕಪ್ಪು ಕಣ್ಣು, ಬಡಿಯುವ ಹೃದಯ, ಪಾಚಿ ತಿಂದು ಹಸಿರಾದ ಕರುಳು, ಬೆನ್ನಿನ ಚೀಲದಲ್ಲಿ ಕೂತ ಮೊಟ್ಟೆಗಳು ಎಲ್ಲ ಕಾಣುತ್ತವೆ. ಮೊಟ್ಟೆಗಳನ್ನು ಎಣಿಸಲೂಬಹುದು. ಜೀವನಕ್ರಮವನ್ನು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಅನುಕೂಲದ ಪ್ರಾಣಿ ಸಿಗುವುದು ಕಷ್ಟ.

ಇನ್ನೂ ಒಂದು ಅನುಕೂಲವಿದೆ. ಒಳ್ಳೆಯ ಕಾಲದಲ್ಲಿ ನೀರುಚಿಗಟಗಳಲ್ಲಿ ಎಲ್ಲವೂ ಹೆಣ್ಣೇ. ಗಂಡಿನ ನೆರವಿಲ್ಲದೆ ತಾಯಿ ತನ್ನದೇ ಪಡಿಯಚ್ಚುಗಳನ್ನು ಹೆರುತ್ತಾಳೆ. ಅಂದರೆ ಒಬ್ಬ ತಾಯಿಯ ಮಕ್ಕಳನ್ನು ಎರಡು ಪಾತ್ರೆಗೆ ಹಂಚಿ, ಒಂದರಲ್ಲಿ ಮೀನಿನ ವಾಸನೆಯ ನೀರು, ಇನ್ನೊಂದರಲ್ಲಿ ಶುದ್ಧ ನೀರು ಇಟ್ಟರೆ, ಆಮೇಲೆ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳು ಕಾರಣವಲ್ಲ ಎಂದು ಖಚಿತವಾಗಿ ಹೇಳಬಹುದು. ಅಲ್ಲಿ ವಂಶವಾಹಿಗಳೆಲ್ಲ ಒಂದೇ. ವ್ಯತ್ಯಾಸ ತಂದದ್ದು ನೀರು.

ನೀರುಚಿಗಟಕ್ಕೆ ಮುಖ್ಯವಾಗಿ ಎರಡು ಬಗೆಯ ಶತ್ರುಗಳು. ಮೊದಲನೆಯದು ಮೀನು. ಮೀನು ಕಣ್ಣಿನಿಂದ ಬೇಟೆಯಾಡುತ್ತದೆ, ದೊಡ್ಡದಾಗಿ ಕಂಡದ್ದನ್ನು ಮೊದಲು ನುಂಗುತ್ತದೆ. ಪಾರದರ್ಶಕ ತಾಯಿಯ ಬೆನ್ನಿನ ತುಂಬ ಮೊಟ್ಟೆ ಇದ್ದರೆ ಅವಳು ಇನ್ನಷ್ಟು ಎದ್ದು ಕಾಣುತ್ತಾಳೆ. ಎರಡನೆಯದು ಕಿಯೋಬೋರಸ್ ಎಂಬ ನುಸಿಯ ಮರಿಹುಳು, ಸೊಳ್ಳೆಯ ದೂರದ ಬಂಧು. ಇದು ನೀರಿನಲ್ಲಿ ಅಲ್ಲಾಡದೆ ತೇಲುತ್ತ ಕಾಯುತ್ತದೆ. ಹತ್ತಿರ ಏನಾದರೂ ಕದಲಿದರೆ ಥಟ್ಟನೆ ಹಿಡಿಯುತ್ತದೆ. ಆದರೆ ಅದರ ಬಾಯಿ ಚಿಕ್ಕದು, ಬೆಳೆದ ನೀರುಚಿಗಟ ಅದರೊಳಗೆ ಹೋಗುವುದಿಲ್ಲ. ಅದಕ್ಕೆ ಸಿಗುವುದು ಮರಿಗಳು.

ಒಂದು ಶತ್ರುವಿಗೆ ದೊಡ್ಡವರು ಬೇಕು, ಇನ್ನೊಂದಕ್ಕೆ ಚಿಕ್ಕವರು. ಹಾಗಾದರೆ ತಾಯಿ ಏನು ಮಾಡಬೇಕು? ಜರ್ಮನಿಯ ಹೆರ್ವಿಗ್ ಸ್ಟಿಬೊರ್ 1990ರ ದಶಕದ ಆರಂಭದಲ್ಲಿ ಇದನ್ನೇ ಪರೀಕ್ಷಿಸಿದರು. ಅವರ ನಂತರ ಹಲವು ಪ್ರಯೋಗಶಾಲೆಗಳಲ್ಲಿ ಇಂಥ ಪರೀಕ್ಷೆಗಳು ನಡೆದಿವೆ. ಮೀನಿನ ವಾಸನೆ ತಾಗಿದ ನೀರುಚಿಗಟಗಳು ಇನ್ನೂ ಚಿಕ್ಕ ಗಾತ್ರದಲ್ಲಿರುವಾಗಲೇ ಪ್ರಾಯಕ್ಕೆ ಬರುತ್ತವೆ. ಮೈ ಬೆಳೆಸುವುದನ್ನು ಹಿಡಿತದಲ್ಲಿಟ್ಟು ಶಕ್ತಿಯನ್ನು ಮೊಟ್ಟೆಗೆ ತಿರುಗಿಸುತ್ತವೆ. ಹೆಚ್ಚು ಮರಿ, ಆದರೆ ಚಿಕ್ಕ ಮರಿ. ದೊಡ್ಡದಾಗಿ ಮೀನಿನ ಕಣ್ಣಿಗೆ ಬೀಳುವ ಮೊದಲು ಒಂದು ಸೂಲಾದರೂ ಮುಗಿಸುವ ಆತುರ ಅದು. ನುಸಿಯ ಮರಿಹುಳುವಿನ ವಾಸನೆ ತಾಗಿದಾಗ ಎಲ್ಲವೂ ತಿರುಗುಮುರುಗು. ಪ್ರಾಯಕ್ಕೆ ಬರುವುದು ತಡ, ಗಾತ್ರ ದೊಡ್ಡದು, ಮರಿಗಳು ಕಡಿಮೆ, ಆದರೆ ಒಂದೊಂದು ಮರಿಯೂ ಹುಟ್ಟುವಾಗಲೇ ಪುಷ್ಟವಾಗಿರುತ್ತದೆ. ಬಸವನಹುಳು ಹಿಡಿದ ದಾರಿಯೂ ಇದೇ ಅಲ್ಲವೇ?

ಒಂದೇ ಪ್ರಾಣಿ, ಒಂದೇ ವಂಶವಾಹಿಗಳ ಸೆಟ್ಟು. ನೀರಿನಲ್ಲಿ ಯಾರ ವಾಸನೆ ಇದೆ ಎನ್ನುವುದರ ಮೇಲೆ ಎದುರುಬದುರಾದ ಎರಡು ಬದುಕುಗಳು. ಈ ವಿಷಯದಲ್ಲಿ ನನಗೆ ಇದಕ್ಕಿಂತ ಸುಂದರವಾದ ಫಲಿತಾಂಶ ಗೊತ್ತಿಲ್ಲ.

ಡಾಫ್ನಿಯಾ ಪ್ಯೂಲೆಕ್ಸ್ ಎಂಬ ಜಾತಿ ನುಸಿಯ ಮರಿಹುಳುವಿಗೆ ಇನ್ನೊಂದು ಉತ್ತರವನ್ನೂ ಕೊಡುತ್ತದೆ. ವಾಸನೆ ಸಿಕ್ಕ ಮರಿಗಳ ಕತ್ತಿನ ಹಿಂಭಾಗದಲ್ಲಿ ಪುಟ್ಟ ಮುಳ್ಳುಗಳು ಮೂಡುತ್ತವೆ. ಹಿಡಿದ ಮರಿಯನ್ನು ನುಂಗಲು ಹೋದಾಗ ಅವು ಅಡ್ಡ ಬರುತ್ತವೆ, ಮರಿ ಜಾರಿಕೊಳ್ಳುತ್ತದೆ. ಶತ್ರುವಿನ ಬಾಯಿಯ ಅಳತೆಯನ್ನು ಮೀರಿ ಬೆಳೆದ ಕೂಡಲೇ ಪೊರೆ ಕಳಚುವಾಗ ಮುಳ್ಳುಗಳೂ ಹೋಗುತ್ತವೆ. ಬೇಡದ ಆಯುಧವನ್ನು ಹೊತ್ತು ತಿರುಗುವುದಿಲ್ಲ. ಇದಕ್ಕಿಂತ ಮುಂದೆ ಹೋದದ್ದು 1999ರಲ್ಲಿ ಅನುರಾಗ್ ಅಗ್ರವಾಲ್, ಕ್ರಿಸ್ಟಿಯನ್ ಲಾಫೋರ್ಶ್ ಮತ್ತು ರಾಲ್ಫ್ ಟೋಲ್ರಿಯನ್ ಪ್ರಕಟಿಸಿದ ಕೆಲಸ. ಡಾಫ್ನಿಯಾ ಕುಕುಲಾಟಾ ಎಂಬ ಜಾತಿಯಲ್ಲಿ ತಾಯಿಗೆ ಶತ್ರುವಿನ ವಾಸನೆ ತಗುಲಿದ್ದರೆ, ಹುಟ್ಟುವ ಮಕ್ಕಳ ತಲೆಯ ಮೇಲಿನ ಶಿರಸ್ತ್ರಾಣ ಮೊದಲೇ ದೊಡ್ಡದಾಗಿರುತ್ತದೆ. ಮಗು ಇನ್ನೂ ಶತ್ರುವನ್ನು ಕಂಡಿಲ್ಲ. ತಾಯಿಯ ಅನುಭವ ಅದರ ಮೈಗೆ ಬಂದಿದೆ.

ಇಲ್ಲಿ ನಿಮಗೆ ಒಂದು ಪ್ರಶ್ನೆ ಬರಬೇಕು. ತನ್ನ ವಾಸನೆ ಬೇಟೆಗೆ ಎಚ್ಚರಿಕೆ ಕೊಡುತ್ತದೆ ಎಂದಾದರೆ ಬೇಟೆಗಾರ ಪ್ರಾಣಿ ಆ ವಾಸನೆ ಬಿಡುವುದನ್ನು ಯಾಕೆ ನಿಲ್ಲಿಸಿಲ್ಲ? ಇಷ್ಟು ಸಾವಿರ ತಲೆಮಾರುಗಳಲ್ಲಿ ವಾಸನೆಯಿಲ್ಲದ ಮೀನು ಗೆದ್ದಿರಬೇಕಿತ್ತು. ಉತ್ತರ ಸಿಕ್ಕಿದ್ದು ಬಹಳ ಈಚೆಗೆ. 2018ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಲಿಂಡಾ ವೈಸ್ ಮತ್ತು ಸಂಗಡಿಗರು ಕತ್ತಿನ ಮುಳ್ಳುಗಳನ್ನು ಮೂಡಿಸುವ ರಾಸಾಯನಿಕವನ್ನು ಗುರುತಿಸಿದರು: ಕೊಬ್ಬಿನಾಮ್ಲಕ್ಕೆ ಗ್ಲುಟಾಮಿನ್ ಎಂಬ ಅಮೈನೋ ಆಮ್ಲ ಜೋಡಿಸಿದ ಅಣುಗಳು. ನುಸಿಯ ಮರಿಹುಳುವಿಗೆ ಇವು ಬೇಕಾಗುವುದು ಆಹಾರ ಅರಗಿಸಲು. ಮರುವರ್ಷ ಕಲೋನ್‌ನ ಮೈಕೆ ಹಾನ್, ಎರಿಕ್ ಫಾನ್ ಎಲೆರ್ಟ್ ತಂಡ ಮೀನಿನ ಕಡೆಯ ಸುಳಿವನ್ನು ಹಿಡಿಯಿತು. ನೀರುಚಿಗಟಗಳನ್ನು ಹಗಲಲ್ಲಿ ಆಳಕ್ಕೆ ಇಳಿಸುವ ಆ ವಸ್ತು ಸಿಪ್ರಿನಾಲ್ ಸಲ್ಫೇಟ್; ಕೆಂಡೆ ಜಾತಿಯ ಮೀನುಗಳ ಪಿತ್ತರಸದ ಲವಣ. ಅದಿಲ್ಲದೆ ಮೀನಿಗೆ ಕೊಬ್ಬು ಜೀರ್ಣವಾಗದು. ತಿಂದು ಬದುಕಬೇಕಾದರೆ ಎರಡೂ ಶತ್ರುಗಳು ತಮ್ಮ ಸುಳಿವನ್ನು ನೀರಿಗೆ ಬಿಡಲೇಬೇಕು. ಬೇಟೆಯ ಪ್ರಾಣಿಗಳು ಆರಿಸಿಕೊಂಡದ್ದು ಶತ್ರು ಅಡಗಿಸಿಡಲಾರದ ಗುರುತನ್ನೇ.

ಹಗಲಲ್ಲಿ ಆಳಕ್ಕೆ ಇಳಿಯುವುದು ಎಂದೆ. ಮೀನಿರುವ ಆಳದ ಸರೋವರಗಳಲ್ಲಿ ನೀರುಚಿಗಟಗಳು ಬೆಳಕು ಹರಿಯುವ ಮೊದಲು ಕತ್ತಲೆಯ ತಳಕ್ಕೆ ಹೋಗಿ, ಸಂಜೆಯ ಮೇಲೆ ಮೇಲೆ ಬಂದು ಪಾಚಿ ತಿನ್ನುತ್ತವೆ. ಇದಕ್ಕೂ ಬೆಲೆಯಿದೆ. ತಳದ ನೀರು ತಣ್ಣಗಿರುತ್ತದೆ, ಆಹಾರ ಕಡಿಮೆ. ಮೊಟ್ಟೆ ಮರಿಯಾಗುವುದು ತಡವಾಗುತ್ತದೆ. ಮೀನಿಲ್ಲದ ಕಡೆ ಈ ಓಡಾಟ ಇಲ್ಲವಾಗುತ್ತದೆ, ಇಲ್ಲವೇ ತೀರ ಕಡಿಮೆಯಾಗುತ್ತದೆ.

ಇವೆಲ್ಲಕ್ಕಿಂತ ಕಟ್ಟಕಡೆಯ ಉಪಾಯವೊಂದಿದೆ: ಆ ಕಾಲವನ್ನೇ ಬಿಟ್ಟು ಹೋಗುವುದು. ಸಾಮಾನ್ಯವಾಗಿ ನೀರು ಬತ್ತುವಾಗ, ಚಳಿ ಬರುವಾಗ, ದಟ್ಟಣೆ ಹೆಚ್ಚಿದಾಗ ನೀರುಚಿಗಟಗಳು ಗಂಡುಗಳನ್ನು ಹುಟ್ಟಿಸಿ, ಕೂಡಿ, ಗಟ್ಟಿ ಕವಚದ ಮೊಟ್ಟೆಗಳನ್ನು ಇಡುತ್ತವೆ. ಆ ಮೊಟ್ಟೆಗಳು ಹೂಳಿನಲ್ಲಿ ಸೇರಿ ಒಳ್ಳೆಯ ಕಾಲಕ್ಕೆ ಕಾಯುತ್ತವೆ. ಪೋಲೆಂಡಿನ ಮಿರೊಸ್ವಾಫ್ ಸ್ಲುಸಾರ್ಚಿಕ್ 1995ರಲ್ಲಿ ತೋರಿಸಿದ್ದೇನೆಂದರೆ, ನೀರುಚಿಗಟಗಳನ್ನು ತಿನ್ನುತ್ತಿರುವ ಮೀನಿನ ವಾಸನೆಯೂ ಇಂಥ ಮೊಟ್ಟೆಗಳನ್ನು ಇಡಿಸಬಲ್ಲದು. ತಾನು ಉಳಿಯುವ ಆಸೆ ಬಿಟ್ಟ ತಾಯಿ ಸಂತಾನವನ್ನು ಭವಿಷ್ಯಕ್ಕೆ ಕಳಿಸುತ್ತಾಳೆ.

ಈ ಮೊಟ್ಟೆಗಳ ತಾಳಿಕೆ ಎಷ್ಟು ಎಂದು ಕೇಳಬೇಡಿ, ಹೇಳಿದರೆ ಉತ್ಪ್ರೇಕ್ಷೆ ಎನ್ನಿಸುತ್ತದೆ. ನಾರ್ವೆಯ ಜಿ.ಓ. ಸಾರ್ಸ್ 1880ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಒಣಮಣ್ಣು ತರಿಸಿ, ಅದಕ್ಕೆ ನೀರು ಹಾಕಿ, ಅದರಿಂದ ಎದ್ದು ಬಂದ ಜೀವಿಗಳನ್ನು ಸಾಕಿ ವರ್ಣಿಸಿದರು. ಅವುಗಳಲ್ಲಿ ಒಂದು ಡಾಫ್ನಿಯಾ ಲುಮ್‌ಹೋಲ್ಟ್ಜಿ. ತಲೆಗೂ ಬಾಲಕ್ಕೂ ಉದ್ದನೆಯ ಮುಳ್ಳುಗಳಿರುವ ಈ ಜಾತಿ ಭಾರತದ ನೀರಿನಲ್ಲೂ ಇದೆ. ಅಮೆರಿಕದ ಮಿನೆಸೋಟಾದ ಒಂದು ಸರೋವರದ ತಳದಿಂದ ತೆಗೆದ, ಸುಮಾರು 700 ವರ್ಷ ಹಳೆಯ ಹೂಳಿನ ಮೊಟ್ಟೆಗಳೂ ಮರಿಯಾಗಿವೆ ಎಂದು 2014ರಲ್ಲಿ ವರದಿಯಾಯಿತು. ಬೇಸಿಗೆಯಲ್ಲಿ ನಮ್ಮ ರೈತರು ಕೆರೆಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವಾಗ ಅದರೊಳಗೂ ಇಂಥ ಮೊಟ್ಟೆಗಳು ಹೋಗುತ್ತಿರುತ್ತವೆ.

ಹೂಳು ಹೀಗೆ ಪದರ ಪದರವಾಗಿ ಕೂತಿರುವುದರಿಂದ ವಿಜ್ಞಾನಿಗಳಿಗೆ ಒಂದು ಅಪರೂಪದ ದಾರಿ ತೆರೆಯಿತು. ಬೆಲ್ಜಿಯಂನ ಔಡ್ ಹೆವರ್ಲೀ ಎಂಬ ಊರಿನ ಕೊಳದಲ್ಲಿ ಮೊದಲು ಮೀನು ಕಡಿಮೆ ಇತ್ತು, 1970ರ ದಶಕದಲ್ಲಿ ವಿಪರೀತ ಮೀನು ಬಿಟ್ಟರು, ಮುಂದೆ ಕಡಿಮೆ ಮಾಡಿದರು. ಲುಕ್ ಡೆ ಮೀಸ್ಟರ್ ಅವರ ತಂಡ ಆ ಮೂರೂ ಕಾಲದ ಪದರಗಳಿಂದ ಮೊಟ್ಟೆ ತೆಗೆದು ಮರಿ ಮಾಡಿಸಿ, ಅಜ್ಜಿ ಮೊಮ್ಮಕ್ಕಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿತು. ಮೀನಿನ ವಾಸನೆ ಬಂದಾಗ ಬೆಳಕಿನಿಂದ ದೂರ ಸರಿಯುವ ಗುಣ ಮೀನು ಹೆಚ್ಚಿದ ಕಾಲದ ವಂಶಗಳಲ್ಲಿ ಬಲವಾಗಿತ್ತು, ಮೀನು ಇಳಿದ ಮೇಲೆ ಮತ್ತೆ ಸಡಿಲವಾಗಿತ್ತು. ಕೆಲವೇ ವರ್ಷಗಳಲ್ಲಿ ಆದ ವಿಕಾಸ ಇದು. ನೀರಿನ ವಾಸನೆಗೆ ಒಂದೊಂದು ಜೀವಿ ಕೊಡುವ ಉತ್ತರವೇ ತಲೆಮಾರುಗಳಲ್ಲಿ ತಿದ್ದಲ್ಪಡುತ್ತದೆ.

ವಿಕಾಸದ ಮಾತು ಬಂದ ಮೇಲೆ ಗಪ್ಪಿ ಮೀನನ್ನು ಬಿಟ್ಟು ಮುಂದೆ ಹೋಗಲಾಗದು. ಇದು ನಿಮಗೆಲ್ಲ ಗೊತ್ತಿರುವ ಮೀನು. ಸೊಳ್ಳೆಮರಿ ತಿನ್ನಲೆಂದು ನಮ್ಮ ಬಾವಿ, ತೊಟ್ಟಿ, ಚರಂಡಿಗಳಿಗೆ ಬಿಟ್ಟಿರುವುದು ಇದನ್ನೇ. ಇದರ ತವರು ದಕ್ಷಿಣ ಅಮೆರಿಕದ ಉತ್ತರ ಅಂಚು ಮತ್ತು ಅದರ ಪಕ್ಕದ ಟ್ರಿನಿಡಾಡ್ ದ್ವೀಪ. ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿನಿಂದ ಇಳಿಯುವ ತೊರೆಗಳಲ್ಲಿ ಜಲಪಾತಗಳಿವೆ. ಜಲಪಾತದ ಕೆಳಗೆ ಪೈಕ್ ಸಿಕ್ಲಿಡ್ ಎಂಬ ಹೊಂಚುಗಾರ ಮೀನು ದೊಡ್ಡ ಗಪ್ಪಿಗಳನ್ನೂ ನುಂಗುತ್ತದೆ. ಜಲಪಾತ ಅದಕ್ಕೆ ತಡೆಗೋಡೆ, ಅದನ್ನು ಹತ್ತಿ ಮೇಲೆ ಹೋಗಲಾರದು. ಮೇಲಿನ ನೀರಿನಲ್ಲಿ ರಿವುಲಸ್ ಎಂಬ ಚಿಕ್ಕ ಮೀನೊಂದೇ ಶತ್ರು, ಅದಕ್ಕೆ ಸಿಗುವುದು ಹೆಚ್ಚಾಗಿ ಗಪ್ಪಿ ಮರಿಗಳು. ಒಂದೇ ತೊರೆ, ಕೆಲವು ನೂರು ಮೀಟರು ದೂರ, ಎರಡು ಬೇರೆ ಲೋಕಗಳು.

ಡೇವಿಡ್ ರೆಜ್ನಿಕ್ ಮತ್ತು ಜಾನ್ ಎಂಡ್ಲರ್ 1980ರ ದಶಕದ ಆರಂಭದಲ್ಲಿ ಈ ಎರಡು ಲೋಕದ ಗಪ್ಪಿಗಳನ್ನು ಹೋಲಿಸಿದರು. ಕೆಳಗಿನವು ಬೇಗ, ಚಿಕ್ಕ ಗಾತ್ರದಲ್ಲೇ ಪ್ರಾಯಕ್ಕೆ ಬರುತ್ತವೆ. ಸೂಲಿನಿಂದ ಸೂಲಿಗೆ ಅಂತರ ಕಡಿಮೆ. ಮರಿಗಳು ಹೆಚ್ಚು, ಆದರೆ ಚಿಕ್ಕವು. ಮೇಲಿನವು ತಡವಾಗಿ ಬೆಳೆದು, ಕಡಿಮೆ ಮರಿಗಳನ್ನು ದೊಡ್ಡದಾಗಿ ಹೆರುತ್ತವೆ. ನೀರುಚಿಗಟದ ಎರಡು ಉತ್ತರಗಳೇ ಇಲ್ಲಿ ಎರಡು ಜನಾಂಗಗಳಾಗಿ ನಿಂತಿದ್ದವು. ಪ್ರಯೋಗಶಾಲೆಯ ಶತ್ರುವಿಲ್ಲದ ನೀರಿನಲ್ಲಿ ಸಾಕಿದಾಗ ಮೊಮ್ಮಕ್ಕಳಲ್ಲೂ ಈ ವ್ಯತ್ಯಾಸ ಉಳಿಯಿತು, ಅಂದರೆ ಇದು ರಕ್ತದಲ್ಲಿ ಇಳಿದು ಬಂದದ್ದು.

ಇದಕ್ಕೆ ಶತ್ರುವೇ ಕಾರಣ ಎಂದು ತೋರಿಸುವುದು ಹೇಗೆ? 1976ರಲ್ಲಿ ಎಂಡ್ಲರ್ ಅರಿಪೋ ನದಿಯ ಕೆಳಗಿನ ಗಪ್ಪಿಗಳನ್ನು ಹಿಡಿದು, ಗಪ್ಪಿಗಳೂ ಸಿಕ್ಲಿಡ್‌ಗಳೂ ಇಲ್ಲದ, ರಿವುಲಸ್ ಮಾತ್ರ ಇದ್ದ ಒಂದು ಉಪನದಿಗೆ ಬಿಟ್ಟಿದ್ದರು. ಹನ್ನೊಂದು ವರ್ಷಗಳ ನಂತರ, 30ರಿಂದ 60 ತಲೆಮಾರು ಕಳೆದ ಮೇಲೆ, ಅವುಗಳ ಸಂತತಿ ತಡವಾಗಿ, ದೊಡ್ಡ ಗಾತ್ರದಲ್ಲಿ ಪ್ರಾಯಕ್ಕೆ ಬರುತ್ತಿತ್ತು. ಮರಿಗಳು ಕಡಿಮೆ, ದೊಡ್ಡವು. ರೆಜ್ನಿಕ್, ಹೆದರ್ ಬ್ರೈಗಾ ಮತ್ತು ಎಂಡ್ಲರ್ 1990ರಲ್ಲಿ ಇದನ್ನು ಪ್ರಕಟಿಸಿದರು. 1997ರಲ್ಲಿ ರೆಜ್ನಿಕ್ ಮತ್ತು ಸಂಗಡಿಗರು ಈ ಬದಲಾವಣೆಯ ವೇಗವನ್ನು ಲೆಕ್ಕ ಹಾಕಿದಾಗ ಅದು ಪಳೆಯುಳಿಕೆಗಳಲ್ಲಿ ಕಾಣುವ ವಿಕಾಸದ ವೇಗಕ್ಕಿಂತ ಹತ್ತು ಸಾವಿರದಿಂದ ಒಂದು ಕೋಟಿ ಪಟ್ಟು ಹೆಚ್ಚಿತ್ತು. ವಿಕಾಸ ಎಂದರೆ ಲಕ್ಷಾಂತರ ವರ್ಷಗಳ ಕತೆ ಎಂದು ಶಾಲೆಯಲ್ಲಿ ಕಲಿತ ನಮಗೆ, ಒಬ್ಬ ವಿಜ್ಞಾನಿ ತನ್ನ ಉದ್ಯೋಗದ ಅವಧಿಯೊಳಗೆ ಅದನ್ನು ಕಣ್ಣಾರೆ ಕಂಡ ಎಂಬುದು ದೊಡ್ಡ ಸುದ್ದಿ. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಲೇಬೇಕಾದ ಪಾಠ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಕತೆ ಇಷ್ಟು ನೇರವಾಗಿ ಮುಗಿಯಲಿಲ್ಲ. ಸಿಕ್ಲಿಡ್ ದೊಡ್ಡವನ್ನು ತಿನ್ನುತ್ತದೆ, ರಿವುಲಸ್ ಚಿಕ್ಕವನ್ನು ತಿನ್ನುತ್ತದೆ, ಆದ್ದರಿಂದ ಈ ವ್ಯತ್ಯಾಸ ಎಂದು ಮೊದಲು ವಿವರಿಸಿದ್ದರು. ನಿಜವಾಗಿ ತೊರೆಗಳಲ್ಲಿ ಹಾಗೆ ಆಗುತ್ತಿದೆಯೇ ಎಂದು ನೋಡಲು ರೆಜ್ನಿಕ್ ತಂಡ ಗಪ್ಪಿಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು, ಬದುಕಿ ಉಳಿದವನ್ನು ಎಣಿಸಿತು. 1996ರಲ್ಲಿ ಬಂದ ಫಲಿತಾಂಶದಂತೆ ಕೆಳಗಿನ ತೊರೆಗಳಲ್ಲಿ ಸಾವು ಹೆಚ್ಚಿತ್ತು, ನಿಜ. ಆದರೆ ದೊಡ್ಡವು ಚಿಕ್ಕವು ಎನ್ನದೆ ಎಲ್ಲ ಗಾತ್ರದಲ್ಲೂ ಹೆಚ್ಚಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಶತ್ರು ತಿಂದು ಸಂಖ್ಯೆ ಇಳಿಸಿದಾಗ ಉಳಿದವುಗಳಿಗೆ ಆಹಾರ ಹೆಚ್ಚು ಸಿಗುತ್ತದೆ, ಬೆಳವಣಿಗೆ ವೇಗವಾಗುತ್ತದೆ. ಶತ್ರುವಿಲ್ಲದ ಮೇಲಿನ ತೊರೆಯಲ್ಲಿ ಗಪ್ಪಿಗಳು ಕಿಕ್ಕಿರಿದು, ಅರೆಹೊಟ್ಟೆಯಲ್ಲಿ ಬದುಕುತ್ತವೆ. ಅಲ್ಲಿ ಮರಿ ದೊಡ್ಡದಾಗಿ ಹುಟ್ಟಿದರೇ ಪೈಪೋಟಿಯಲ್ಲಿ ಉಳಿಯುವುದು. ಅಂದರೆ ಶತ್ರುವಿನ ಕೈ ನೇರವಾಗಿಯೂ ಇದೆ, ಸುತ್ತಿ ಬಳಸಿಯೂ ಇದೆ. ಶುರುವಿನಲ್ಲಿ ನಾನು ಹೇಳಿದ ಮಾತಿಗೆ ಇದನ್ನೂ ಸೇರಿಸಿಕೊಳ್ಳಬೇಕು: ಯಾರನ್ನು ತಿಂದರು ಎಂಬುದರ ಜೊತೆಗೆ, ಉಳಿದವರಿಗೆ ಊಟ ಎಷ್ಟು ಬಿಟ್ಟರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮುಪ್ಪಿನ ವಿಷಯದಲ್ಲಿ ಇನ್ನೊಂದು ಅಚ್ಚರಿ. ಹೇಗೂ ಬೇಗ ಸಾಯುವ ಪ್ರಾಣಿ ಬೇಗ ಮುಪ್ಪಾಗುವಂತೆ ವಿಕಾಸವಾಗಬೇಕು ಎನ್ನುವುದು ಹಳೆಯ ಸಿದ್ಧಾಂತ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶತ್ರುಗಳ ನಡುವಿನಿಂದ ತಂದ ವಂಶದ ಗಪ್ಪಿಗಳು ಪ್ರಯೋಗಶಾಲೆಯಲ್ಲಿ ಹೆಚ್ಚು ಕಾಲ ಬದುಕಿದವು, ಹೆಚ್ಚು ಕಾಲ ಮರಿ ಹಾಕಿದವು. ಚುರುಕಾಗಿ ನೆಗೆದು ತಪ್ಪಿಸಿಕೊಳ್ಳುವ ಶಕ್ತಿ ಮಾತ್ರ ಅವುಗಳಲ್ಲಿ ಬೇಗ ಕುಂದಿತು. ಮುಪ್ಪು ಎಲ್ಲ ಅಂಗಗಳಿಗೂ ಒಟ್ಟಿಗೆ ಬರುವುದಿಲ್ಲ, ಅಂಗಾಂಗಕ್ಕೆ ಬೇರೆ ಬೇರೆ ಗಡುವು.

ಕಪ್ಪೆಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮಧ್ಯ ಅಮೆರಿಕದ ಕೆಂಪುಗಣ್ಣಿನ ಮರಗಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಿಗೆ ಮೊಟ್ಟೆ ಅಂಟಿಸುತ್ತದೆ. ಸುಮ್ಮನೆ ಬಿಟ್ಟರೆ ಆರೇಳು ದಿನಕ್ಕೆ ಮರಿಯಾಗಿ ನೀರಿಗೆ ಬೀಳುತ್ತವೆ. ಬೇಗ ಬಿದ್ದರೆ ನೀರಿನಲ್ಲಿ ಮೀನು, ಸೀಗಡಿಗಳು ಕಾದಿರುತ್ತವೆ. ಆದರೆ ಹಾವು ಬಂದು ಮೊಟ್ಟೆಯ ಗೊಂಚಲಿಗೆ ಬಾಯಿ ಹಾಕಿದರೆ, ಇನ್ನೂ ಪೂರ್ತಿ ಬಲಿಯದ ಮರಿಗಳು ಆ ಕ್ಷಣವೇ ಒಡೆದುಕೊಂಡು ನೀರಿಗೆ ಧುಮುಕುತ್ತವೆ. ಕೋಸ್ಟರಿಕಾದಲ್ಲಿ ಇದನ್ನು ತೋರಿಸಿದವರು ಕರೆನ್ ವಾರ್ಕೆಂಟಿನ್, 1995ರಲ್ಲಿ. ಮಳೆಹನಿಯ ಅಲುಗಾಟಕ್ಕೂ ಹಾವಿನ ಅಲುಗಾಟಕ್ಕೂ ಇರುವ ವ್ಯತ್ಯಾಸ ಮೊಟ್ಟೆಯೊಳಗಿನ ಜೀವಕ್ಕೆ ಗೊತ್ತಾಗುತ್ತದೆ ಎಂದೂ ಅವರು ಮುಂದೆ ತೋರಿಸಿಕೊಟ್ಟರು.

ಗೊದಮೊಟ್ಟೆಗಳ ಮೇಲೆ ಒಳ್ಳೆಯ ಕೆಲಸ ನಮ್ಮ ಧಾರವಾಡದಲ್ಲೇ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಶಿಷ್ಯರು ವರ್ಷಾನುಗಟ್ಟಲೆ ಇದನ್ನು ಅಭ್ಯಾಸ ಮಾಡಿದ್ದಾರೆ. ಮಳೆಗಾಲದ ಹೊಂಡದಲ್ಲಿ ನೆಲಗಪ್ಪೆಯ ಗೊದಮೊಟ್ಟೆಗಳ ಜೊತೆ ಗೋಂಕರುಕಪ್ಪೆಯವೂ ಇರುತ್ತವೆ. ಎರಡನೆಯವು ಮಾಂಸಾಹಾರಿಗಳು, ಮೊದಲನೆಯವನ್ನು ಹಿಡಿದು ತಿನ್ನುತ್ತವೆ. ಶತ್ರುವಿನ ವಾಸನೆ, ಗಾಯಗೊಂಡ ಬಳಗದವರ ವಾಸನೆ ಬಂದಾಗ ನೆಲಗಪ್ಪೆಯ ಮರಿಗಳು ಈಜಾಟ ಕಡಿಮೆ ಮಾಡುತ್ತವೆ. ಆ ಅಪಾಯದಲ್ಲಿ ಬೆಳೆದವುಗಳು ಕಪ್ಪೆಯಾಗಿ ನೆಲಕ್ಕೆ ಏರುವ ಹೊತ್ತೂ, ಆಗಿನ ಗಾತ್ರವೂ ಬದಲಾಗುತ್ತವೆ. ಮಳೆಗಾಲದ ಹೊಂಡಕ್ಕೆ ಬತ್ತುವ ಗಡುವು ಬೇರೆ ಇದೆ. ಹಾಗಾಗಿ ನಮ್ಮ ಗೊದಮೊಟ್ಟೆಗಳಿಗೆ ಎರಡು ಕಡೆಯಿಂದಲೂ ಆತುರ.

ಮಾತು ಮುಗಿಸುವ ಮೊದಲು ಕೇಳುಗರು ಎತ್ತಿದ ಪ್ರಶ್ನೆಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ.

ಈ ಜೀವಿಗಳು ಇದನ್ನೆಲ್ಲ ತಿಳಿದು ಮಾಡುತ್ತವೆಯೇ ಎಂದು ಒಬ್ಬರು ಕೇಳಿದರು. ನಾನು ಆತುರ, ಆಸೆ, ಲೆಕ್ಕ ಎಂಬ ಮಾತುಗಳನ್ನು ಬಳಸಿದ್ದೇನೆ, ಕನ್ನಡದಲ್ಲಿ ಹೀಗೆ ಹೇಳುವುದು ಸುಲಭ. ನಡೆಯುವುದು ಇಷ್ಟು: ನೀರಿನಲ್ಲಿ ಕರಗಿದ ವಾಸನೆಯ ಅಣುವೊಂದು, ಅದನ್ನು ಗುರುತಿಸುವ ಮೈಯ ಗ್ರಾಹಕಕ್ಕೆ ತಾಗುತ್ತದೆ, ನರಗಳೂ ಹಾರ್ಮೋನುಗಳೂ ಬದಲಾಗುತ್ತವೆ, ಬೆಳವಣಿಗೆಯ ದಾರಿ ತಿರುಗುತ್ತದೆ. ಹಾಗೆ ತಿರುಗಿಸಿಕೊಂಡವರ ಸಂತಾನ ಹೆಚ್ಚು ಉಳಿದದ್ದರಿಂದ ಆ ವ್ಯವಸ್ಥೆಯೂ ಉಳಿದಿದೆ. ನೀರುಚಿಗಟದ ವಂಶವಾಹಿಗಳ ಪೂರ್ಣ ನಕ್ಷೆ 2011ರಲ್ಲಿ ಪ್ರಕಟವಾದಾಗ ಅದರಲ್ಲಿ 30,000ಕ್ಕೂ ಹೆಚ್ಚು ಜೀನ್‌ಗಳು ಎಣಿಕೆಗೆ ಸಿಕ್ಕವು, ಮನುಷ್ಯನಲ್ಲಿರುವುದಕ್ಕಿಂತ ಹೆಚ್ಚು; ಮುಂದಿನ ಎಣಿಕೆಗಳಲ್ಲಿ ಈ ಸಂಖ್ಯೆ ಬಹಳ ಇಳಿಯಿತು. ಬದಲಾಗುವ ನೀರಿಗೆ ಬದಲಾಗುವ ಉತ್ತರ ಕೊಡಲು ಈ ಸಂಪತ್ತು ನೆರವಾಗುತ್ತಿರಬಹುದು ಎನ್ನುವುದು ಆಗ ಹಲವರ ಊಹೆಯಾಗಿತ್ತು.

ಬಲೆ ಹಾಕುವ ಮನುಷ್ಯನೂ ಬೇಟೆಗಾರನೇ ಅಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಹೌದು, ಅದರಲ್ಲೂ ದೊಡ್ಡದನ್ನು ಹುಡುಕಿ ಹಿಡಿಯುವ ಬೇಟೆಗಾರ. ಸಮುದ್ರದ ಉದಾಹರಣೆಯಾದರೂ ಹೇಳುತ್ತೇನೆ: ಅಮೆರಿಕದ ಡೇವಿಡ್ ಕೋನೋವರ್ ಮತ್ತು ಸ್ಟೀಫನ್ ಮಂಚ್ ಸಿಲ್ವರ್‌ಸೈಡ್ ಎಂಬ ಮೀನನ್ನು ತೊಟ್ಟಿಗಳಲ್ಲಿ ಸಾಕಿ, ಕೆಲವು ತೊಟ್ಟಿಗಳಿಂದ ಪ್ರತಿ ತಲೆಮಾರಿನಲ್ಲೂ ದೊಡ್ಡವನ್ನು, ಕೆಲವುಗಳಿಂದ ಚಿಕ್ಕವನ್ನು ತೆಗೆದರು. ನಾಲ್ಕೇ ತಲೆಮಾರಿಗೆ, ದೊಡ್ಡವನ್ನು ತೆಗೆದ ತೊಟ್ಟಿಗಳ ಮೀನುಗಳು ನಿಧಾನ ಬೆಳೆಯುವ ಚಿಕ್ಕ ಮೀನುಗಳಾದವು, ಒಟ್ಟು ಇಳುವರಿಯೂ ಬಿದ್ದುಹೋಯಿತು. ಇದು 2002ರ ಮಾತು. ಆಮೇಲೆ ಹಾಗೆ ಆರಿಸಿ ತೆಗೆಯುವುದನ್ನು ನಿಲ್ಲಿಸಿ ಐದು ತಲೆಮಾರು ಕಳೆದರೂ ಗಾತ್ರ ಪೂರ್ತಿ ಹಿಂದಿರುಗಲಿಲ್ಲ.

ಮೂರನೆಯ ಪ್ರಶ್ನೆ ನಮಗೆ ಹತ್ತಿರದ್ದು: ಸೊಳ್ಳೆ ತಡೆಯಲು ಊರಿನ ಎಲ್ಲ ನೀರಿಗೂ ಗಪ್ಪಿ, ಗ್ಯಾಂಬೂಸಿಯಾ ಬಿಡಬಹುದೇ? ಕುಡಿಯುವ ನೀರಿನ ಬಾವಿ, ಸಿಮೆಂಟ್ ತೊಟ್ಟಿ, ಕಟ್ಟಡ ಕೆಲಸದ ನೀರಿನ ಗುಂಡಿಗೆ ಗಪ್ಪಿ ಬಿಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಅಲ್ಲಿ ಮಲೇರಿಯಾ, ಡೆಂಗಿಯ ಲೆಕ್ಕವೇ ದೊಡ್ಡದು. ಮೀನೇ ಇರದ ಮಳೆಹೊಂಡ, ಬಂಡೆಯ ಮೇಲಿನ ದೊಣೆ, ಗದ್ದೆಯಂಚಿನ ಕುಣಿಗಳ ಮಾತು ಬೇರೆ. ಮೀನು ಬಂದರೆ ಏನಾಗುತ್ತದೆ ಎಂದು 1965ರಲ್ಲೇ ಜಾನ್ ಬ್ರೂಕ್ಸ್ ಮತ್ತು ಸ್ಟ್ಯಾನ್ಲಿ ಡಾಡ್ಸನ್ ತೋರಿಸಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಲೇಕ್‌ನಲ್ಲಿ 1942ರಲ್ಲಿ ದೊಡ್ಡ ನೀರುಚಿಗಟಗಳಿದ್ದವು. ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಹೆರಿಂಗ್ ಜಾತಿಯ ಮೀನು ಅಲ್ಲಿಗೆ ಸೇರಿದ ಮೇಲೆ, 1964ರಲ್ಲಿ ನೋಡಿದಾಗ ದೊಡ್ಡವೆಲ್ಲ ಮಾಯವಾಗಿ ಬಾಸ್ಮಿನಾದಂಥ ತೀರ ಚಿಕ್ಕ ಜಾತಿಗಳು ತುಂಬಿಕೊಂಡಿದ್ದವು. ಅವರಿಗೂ ಮೊದಲೇ ಚೆಕೊಸ್ಲೊವಾಕಿಯಾದ ಯಾರೊಸ್ಲಾವ್ ಹರ್ಬಾಚೆಕ್ ಮೀನಿನ ಕೊಳಗಳಲ್ಲಿ ಇದನ್ನು ಗಮನಿಸಿದ್ದರು: ಮೀನು ಹೆಚ್ಚಾದರೆ ಪಾಚಿ ಮೇಯುವ ದೊಡ್ಡ ನೀರುಚಿಗಟ ಹೋಗುತ್ತದೆ, ನೀರು ಹಸಿರುಗಟ್ಟುತ್ತದೆ. ಬೇಗ ಹೆರುವುದು, ಚಿಕ್ಕದಾಗುವುದು, ಆಳಕ್ಕೆ ಇಳಿಯುವುದು ಎಲ್ಲ ಉಪಾಯಕ್ಕೂ ಒಂದು ಮಿತಿಯಿದೆ. ಮೊಣಕಾಲಾಳದ ಹೊಂಡದಲ್ಲಿ ಇಳಿಯಲು ಆಳವೆಲ್ಲಿದೆ? ಗ್ಯಾಂಬೂಸಿಯಾವಂತೂ ಜಗತ್ತಿನ ಅತಿ ಹಾನಿಕರ ವಲಸೆ ಜೀವಿಗಳ ನೂರರ ಪಟ್ಟಿಯಲ್ಲಿರುವ ಮೀನು, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ.

ಅಂಥ ಹೊಂಡಗಳಲ್ಲಿ ಸೊಳ್ಳೆಮರಿ ತಿನ್ನುವವರು ಮೊದಲೇ ಇದ್ದಾರೆ: ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರಿನ ಜೀರುಂಡೆಗಳು, ಬೆನ್ನಡಿಯಾಗಿ ಈಜುವ ತಿಗಣೆಗಳು. ಅವರು ತಿನ್ನುವುದಷ್ಟೇ ಅಲ್ಲ, ತಾಯಿ ಸೊಳ್ಳೆಯನ್ನು ದೂರವೂ ಇಡುತ್ತಾರೆ. ಇಸ್ರೇಲಿನಲ್ಲಿ ಲಿಯಾನ್ ಬ್ಲೌಸ್ಟೈನ್ ಮತ್ತು ಸಂಗಡಿಗರು ಕುಲಿಸೀಟಾ ಎಂಬ ಸೊಳ್ಳೆಯನ್ನು ಹೀಗೆ ಪರೀಕ್ಷಿಸಿದ್ದಾರೆ. ಬೆನ್ನಡಿ ಈಜುವ ತಿಗಣೆ ಇರುವ ಕೊಳದಲ್ಲಿ ಆ ಸೊಳ್ಳೆ ಮೊಟ್ಟೆಯಿಡಲು ಹಿಂಜರಿಯುತ್ತದೆ, ತಿಗಣೆಯನ್ನು ಅಲ್ಲಿಂದ ತೆಗೆದ ಮೇಲೂ ಕೆಲವು ದಿನ ಆ ನೀರನ್ನು ನಂಬುವುದಿಲ್ಲ. ಸೊಳ್ಳೆಯನ್ನು ಹೀಗೆ ದೂರವಿಡುವ ತಿಗಣೆಯ ವಾಸನೆಯಲ್ಲಿ ಎರಡು ಹೈಡ್ರೋಕಾರ್ಬನ್‌ಗಳನ್ನು (ಇಂಗಾಲ, ಜಲಜನಕ ಸೇರಿದ ಅಣುಗಳು) 2010ರಲ್ಲಿ ಗುರುತಿಸಿದ್ದಾರೆ. ಹೊರಗಿನ ಮೀನು ತಂದು ಬಿಟ್ಟರೆ ಅದು ಸೊಳ್ಳೆಮರಿಯ ಜೊತೆಗೆ ಈ ತಿಗಣೆ, ಜೀರುಂಡೆ ಮರಿಗಳನ್ನೂ ತಿನ್ನುತ್ತದೆ. ಆದ್ದರಿಂದ ಮಳೆಹೊಂಡಕ್ಕೆ ಮೀನು ಸುರಿಯುವ ಮುಂಚೆ ಒಂದು ಬಿಳಿ ತಟ್ಟೆಯಲ್ಲಿ ಅಲ್ಲಿನ ನೀರು ತೆಗೆದು, ಒಳಗೆ ಯಾರ್ಯಾರು ಇದ್ದಾರೆ ಎಂದು ನೋಡಿ ಎಂದು ಪಂಚಾಯಿತಿಯವರಿಗೂ ಆರೋಗ್ಯ ಇಲಾಖೆಯವರಿಗೂ ನಾನು ಕೇಳಿಕೊಳ್ಳುತ್ತೇನೆ.